ಚೌಡಕ್ಕನ ಅಂಗೈ ಹೇಳಿದ್ದು

ಮಗ್ಗ ಕೆಡಿಸಿದ್ದು ನಾನು. ಚೌಡಕ್ಕ ಅಲ್ಲ. ಅದು ಗೊತ್ತಿದ್ದೂ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಮರೆತಿದ್ದರಿಂದ ಅಲ್ಲ, ಒಂದು ದಿನವೂ ಮರೆಯದೆ.

ಹೇಳಬೇಕಾದವರ ಎದುರಿಗೆ ಇದನ್ನು ಬಾಯಿಬಿಟ್ಟು ಹೇಳಿದ್ದಾಗಿದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಸುಳ್ಳು ನನಗಿಂತ ಮುಂದೆ ನಡೆದು, ನಾನು ನೋಡಿಯೇ ಇರದ ಮನೆಗಳ ಜಗಲಿಯವರೆಗೂ ಹೋಗಿತ್ತು. ಅಲ್ಲಿಗೆಲ್ಲ ನಾನೇ ಹೋಗಿ ಬಾಗಿಲು ತಟ್ಟಲಾರೆ. ಶಾಲೆಯಲ್ಲಿ ನಾನು ಓದಿದ್ದು ತಮಿಳು. ಕನ್ನಡದ ಅಕ್ಷರ ತಿದ್ದಿಸಿದ್ದು ನಮ್ಮ ತಾತ, ಗುಂಡಿಮಗ್ಗದ ಪಕ್ಕ ಕೂರಿಸಿಕೊಂಡು. ಸುಳ್ಳು ಹೇಳಿದ್ದು ತಮಿಳಿನಲ್ಲಿ; ನಿಜವನ್ನಾದರೂ ಮನೆಯ ಮಾತಿನಲ್ಲಿ ಬರೆಯೋಣ ಅನ್ನಿಸಿತು.

ನನ್ನ ಹೆಸರು ರಾಮಲಿಂಗ. ಸೇಲಂನ ಒಂದು ನೇಕಾರರ ಬೀದಿಯಲ್ಲಿ ಹುಟ್ಟಿದವನು. ನಮ್ಮ ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡ, ಬೀದಿ ದಾಟಿದರೆ ತಮಿಳು. ನಾನು ಮಗ್ಗಕ್ಕೆ ಕೂರಲಿಲ್ಲ. ಡಿಪ್ಲೊಮಾ ಓದಿ, ಕೆಲವು ವರ್ಷ ಅವರಿವರ ಕಾರ್ಖಾನೆಗಳಲ್ಲಿ ಸರ್ವೋ ಮೋಟಾರುಗಳ ಕೆಲಸ ಕಲಿತು, ಕೊನೆಗೆ ನನ್ನದೇ ಒಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡೆ. ಹಳೆಯ ವಿದ್ಯುತ್ ಮಗ್ಗಗಳಿಗೆ ಸರ್ವೋ ಮೋಟಾರು ಜೋಡಿಸಿಕೊಡುವುದು ನನ್ನ ಆಸೆಯಾಗಿತ್ತು. ನೆಯ್ದ ಬಟ್ಟೆಯನ್ನು ಮುಂದಕ್ಕೆ ಎಳೆಯುವ ಉರುಳೆ ಹಳೆಯ ಮಗ್ಗದಲ್ಲಿ ಹಲ್ಲುಚಕ್ರಗಳಿಂದ ತಿರುಗುತ್ತದೆ. ಹಲ್ಲು ಸವೆದಂತೆ ಬಟ್ಟೆ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಅದರ ಬದಲು ಸರ್ವೋ ಮೋಟಾರು ಇಟ್ಟರೆ, ಒಂದೊಂದು ಹೊಕ್ಕು, ಅಂದರೆ ಅಡ್ಡ ಎಳೆ, ಬಿದ್ದಾಗಲೂ ಉರುಳೆ ಕೂದಲೆಳೆಯಷ್ಟು, ಪ್ರತಿಸಲ ಅಷ್ಟೇ, ತಿರುಗುತ್ತದೆ.

ಇದು ಹೇಗೆ ಸಾಧ್ಯ ಅಂದರೆ — ಮೋಟಾರಿನ ಹಿಂಭಾಗದಲ್ಲಿ ಎನ್‌ಕೋಡರ್ ಅನ್ನುವ ಒಂದು ಪುಟ್ಟ ಸಾಧನ ಇರುತ್ತದೆ. ತಾನು ಎಷ್ಟು ತಿರುಗಿದೆ ಅನ್ನುವುದನ್ನು ಮೋಟಾರು ಅದರ ಮೂಲಕ ಕ್ಷಣಕ್ಷಣಕ್ಕೂ ತನ್ನನ್ನು ನಡೆಸುವ ಡ್ರೈವರ್ ಪೆಟ್ಟಿಗೆಗೆ ವರದಿ ಮಾಡುತ್ತದೆ. ಎಷ್ಟು ತಿರುಗು ಅಂದಿದ್ದೆ, ಎಷ್ಟು ತಿರುಗಿತು — ಪೆಟ್ಟಿಗೆ ಎರಡನ್ನೂ ಹೋಲಿಸಿ, ವ್ಯತ್ಯಾಸ ಇದ್ದರೆ ಆಗಿಂದಾಗಲೇ ತಿದ್ದುತ್ತದೆ. ಆ ವ್ಯತ್ಯಾಸ ಪರದೆಯ ಮೇಲೂ ಕಾಣುತ್ತದೆ. ಸೊನ್ನೆ ಇದ್ದರೆ ಎಲ್ಲ ಸರಿ. ನಾನು ಹಾಗೆಂದು ನಂಬಿದ್ದೆ.

ನನ್ನ ಮೊದಲ ಯಂತ್ರವನ್ನು ಹಾಕಿಸಿಕೊಳ್ಳಲು ಯಾರೂ ಮುಂದೆ ಬಂದಿರಲಿಲ್ಲ. ಆಗ ದಾರಿ ಮಾಡಿಕೊಟ್ಟವಳು ಚೌಡಕ್ಕ.

ಚೌಡಕ್ಕ ನಮ್ಮ ಎದುರುಮನೆಯವಳು. ರೇಷ್ಮೆ ಪಂಚೆ ನೇಯುವುದರಲ್ಲಿ ಅವಳಷ್ಟು ನಾಜೂಕಿನ ಕೈ ನಮ್ಮ ಬೀದಿಯಲ್ಲಿ ಇನ್ನೊಂದು ಇರಲಿಲ್ಲ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ಒಂದು ಮಗ್ಗ, ಅವಳು. ಕೈಮಗ್ಗದ ಕೆಲಸ ಕಡಿಮೆಯಾದಾಗ ಕಂದಸಾಮಿ ಅವರ ವಿದ್ಯುತ್ ಮಗ್ಗದ ಶೆಡ್ಡಿಗೆ ಕೆಲಸಕ್ಕೆ ಹೋಗತೊಡಗಿದ್ದಳು. ಅವರನ್ನು ಎಲ್ಲರೂ ಮುದಲಾಳಿ ಅನ್ನುತ್ತಿದ್ದರು, ಅಂದರೆ ಯಜಮಾನರು. ಒಂದು ದಿನ ನನ್ನ ಕೈ ಹಿಡಿದು ಎಳೆದುಕೊಂಡೇ ಹೋಗಿ ಅವರ ಮುಂದೆ ನಿಲ್ಲಿಸಿದಳು.

"ನಮ್ ಬೀದಿ ಉಡ್ಗ ಮುದಲಾಳಿ. ಒಳ್ಳೆ ವೇಲೆಗಾರ. ಒಂದ್ ಮಗ್ಗ ಕೊಟ್ ನೋಡಿ. ನಾನೇ ಆ ಮಗ್ಗ ನಿಂತ್ಕೊಂಡ್ ನೋಡ್ಕೊತೀನಿ."

ಕನ್ನಡದಲ್ಲೇ ಹೇಳಿದಳು; ಕೆಲಸಗಾರ ಅನ್ನುವುದಕ್ಕೆ ಮಾತ್ರ ತಮಿಳಿನ 'ವೇಲೆಗಾರ'. ಅವರಿಗೆ ಅರ್ಥವಾಗುತ್ತಿತ್ತು. ಅವರು ನಕ್ಕು, ಒಂದು ಮಗ್ಗ ಕೊಟ್ಟರು.

ಇಷ್ಟು ಹೇಳಿದ ಮೇಲೆ ನಾನು ಮಾಡಿದ್ದನ್ನು ಹೇಳುವುದು ಇನ್ನೂ ಕಷ್ಟವಾಗುತ್ತದೆ. ಆದರೂ.

ಯಂತ್ರ ಕೂರಿಸಿದ ಹದಿನೈದನೆಯ ದಿನವೋ ಏನೋ, ಬಟ್ಟೆಯಲ್ಲಿ ಪಟ್ಟೆ ಕಾಣಿಸಿತು. ಅಡ್ಡಡ್ಡಕ್ಕೆ, ಬೆರಳಗಲದ ದಟ್ಟ ಪಟ್ಟೆ. ಬೆಳಕಿಗೆ ಹಿಡಿದರೆ ಎದ್ದು ಕಾಣುತ್ತಿತ್ತು. ಮುದಲಾಳಿ ನನ್ನನ್ನು ಕರೆಸಿದರು. ನಾನು ನೇರ ಪೆಟ್ಟಿಗೆಯ ಮುಂದೆ ನಿಂತೆ. ವ್ಯತ್ಯಾಸ ಸೊನ್ನೆ. ಅರ್ಧ ಗಂಟೆ ನೋಡಿದೆ — ಸೊನ್ನೆ, ಒಂದು, ಸೊನ್ನೆ. ಇದಕ್ಕಿಂತ ಚೆನ್ನಾಗಿ ಯಾವ ಮೋಟಾರು ಓಡೀತು?

ಚೌಡಕ್ಕ ಬಟ್ಟೆಯ ಕೆಳಗೆ ಎಡಗೈ ಇಟ್ಟುಕೊಂಡು ನಿಂತಿದ್ದಳು.

"ಲೇ ಲಿಂಗು, ಬಾರ್ಲಾ ಇಲ್ಲಿ. ಉರುಳೆ ಜಾರ್ತಾ ಐತೆ."

"ಇಲ್ಲಕ್ಕ, ಪೆಟ್ಟಿಗೆ ನೋಡು. ಎಲ್ಲ ಸರಿಯಾಗೈತೆ."

"ಪೆಟ್ಟಿಗೆ ಏನ್ ಯೋಳ್ತದೋ ನಂಗೊತ್ತಿಲ್ಲ. ಕೈಗೆ ಗೊತ್ತಾಯ್ತಾ ಐತೆ. ಒಂದೊಂದ್ ಸಲ ಬಟ್ಟೆ ಮುಂದಕ್ ಓಗ್ದೆ ನಿಂತ್ಕೊತದೆ."

ಮುದಲಾಳಿ ನನ್ನ ಕಡೆ ತಿರುಗಿದರು. ನಾನು ಅಂದೆ: "ಮೆಷಿನ್ ಸರಿಯಾ ಇರುಕ್ಕು."

ಯಂತ್ರ ಸರಿಯಾಗಿದೆ. ಬೆಳಿಗ್ಗೆ ಆ ಮಾತು ಹೇಳಿದಾಗ ಅದು ನನ್ನ ತಪ್ಪು ತಿಳಿವಳಿಕೆ. ಅಷ್ಟಕ್ಕೆ ನಿಂತಿದ್ದರೆ ಇವತ್ತು ಬರೆಯಲು ಏನೂ ಇರುತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿನ ಮಗ್ಗಗಳೆಲ್ಲ ನಿಂತವು. ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿ ಕೂತರು. ಯಾಕೋ ಸಮಾಧಾನವಾಗದೆ ನಾನು ಒಳಗೇ ಉಳಿದು, ಮೋಟಾರಿನ ಪಕ್ಕದ ತಗಡಿನ ಮುಚ್ಚಳ ಬಿಚ್ಚಿದೆ. ಮೋಟಾರಿನ ಅಚ್ಚನ್ನೂ ಉರುಳೆಯನ್ನೂ ಜೋಡಿಸುವ ಒಂದು ಕಬ್ಬಿಣದ ಬಳೆ ಅಲ್ಲಿದೆ. ಎರಡು ಸಣ್ಣ ಸ್ಕ್ರೂ ಅದನ್ನು ಅಚ್ಚಿಗೆ ಕಚ್ಚಿ ಹಿಡಿಯಬೇಕು. ಎರಡು ಬೆರಳಲ್ಲಿ ಬಳೆಯನ್ನು ತಿರುಗಿಸಿದೆ.

ತಿರುಗಿತು.

ಒಂದು ಸ್ಕ್ರೂ ಸಡಿಲವಾಗಿತ್ತು. ಇನ್ನೊಂದನ್ನು ನಾನು ಬಿಗಿ ಮಾಡಿಯೇ ಇರಲಿಲ್ಲ. ಆ ಕ್ಷಣ ನೆನಪಾಯಿತು — ಕೂರಿಸಿದ ದಿನ ಮೊದಲ ಸ್ಕ್ರೂ ಬಿಗಿ ಮಾಡಿ ಎರಡನೆಯದಕ್ಕೆ ಅಲೆನ್ ಕೀ ಹಾಕುವಾಗ ಮುದಲಾಳಿ ಯಾರನ್ನೋ ಕರೆತಂದು, ಓಡಿಸಿ ತೋರಿಸು ಅಂದಿದ್ದರು. ಹಿಗ್ಗಿನಲ್ಲಿ ಎದ್ದು ಹೋಗಿದ್ದೆ. ಮೋಟಾರು ಪ್ರತಿಸಲವೂ ಸರಿಯಾಗಿಯೇ ತಿರುಗುತ್ತಿತ್ತು, ಸರಿಯಾಗಿ ತಿರುಗಿದೆ ಎಂದೇ ವರದಿ ಮಾಡುತ್ತಿತ್ತು. ಆದರೆ ಬಳೆ ಜಾರಿದಾಗ ಉರುಳೆ ಅಲ್ಲಿಯೇ ನಿಲ್ಲುತ್ತಿತ್ತು. ಎನ್‌ಕೋಡರ್ ಇದ್ದದ್ದು ಮೋಟಾರಿನ ಬೆನ್ನಿಗೆ. ಉರುಳೆ ನಿಂತದ್ದು ಅದಕ್ಕೆ ಹೇಗೆ ಕಾಣಬೇಕು? ಚೌಡಕ್ಕನ ಅಂಗೈಗೆ ಕಂಡಿತ್ತು.

ಎರಡೂ ಸ್ಕ್ರೂಗಳನ್ನು ಬಿಗಿ ಮಾಡಿದೆ. ಮುಚ್ಚಳ ಹಾಕಿದೆ. ಕೈ ಒರೆಸಿಕೊಂಡೆ. ಹೊರಗೆ ಹೋಗಿ ಹೇಳಿಬಿಡಬೇಕು ಅಂದುಕೊಂಡೇ ಬಾಗಿಲ ಹತ್ತಿರ ಬಂದೆ — ಅಲ್ಲಿ ಮುದಲಾಳಿ ಎದುರಾದರು. ಅಷ್ಟರಲ್ಲಿ ಅವರೇ ಒಂದು ತೀರ್ಮಾನಕ್ಕೆ ಬಂದಿದ್ದರು: ಕೈಮಗ್ಗದ ಅಭ್ಯಾಸದಲ್ಲಿ ಚೌಡಮ್ಮ ಬಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದಾಳೆ, ಅದಕ್ಕೇ ಪಟ್ಟೆ. "ಒಳುಂಗಾ ಪಾತ್ತಿಯಾ?" ಎಂದು ಕೇಳಿದರು. ಸರಿಯಾಗಿ ನೋಡಿದೆಯಾ?

ಅವರ ಹಿಂದೆ ಚೌಡಕ್ಕ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಮೆಷಿನ್ ಸರಿಯಾ ಇರುಕ್ಕು," ಅಂದೆ.

ಅವೇ ಮೂರು ಮಾತು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಒಂದಕ್ಷರ ಬದಲಾಗಲಿಲ್ಲ. ನಾನು ಬದಲಾಗಿದ್ದೆ.

ಆ ಮಧ್ಯಾಹ್ನ ಆ ಮಗ್ಗಕ್ಕೆ ಬೇರೊಬ್ಬರನ್ನು ನಿಲ್ಲಿಸಿದರು. ಬಟ್ಟೆ ಕನ್ನಡಿಯ ಹಾಗೆ ಬಂತು. ಬರದೆ ಇರುತ್ತದೆಯೇ — ಸ್ಕ್ರೂ ಬಿಗಿಯಾಗಿತ್ತು! ಆದರೆ ಶೆಡ್ಡಿನವರ ಕಣ್ಣಿಗೆ ಕಂಡದ್ದು ಬೇರೆ: ಚೌಡಮ್ಮ ಸರಿದಳು, ಪಟ್ಟೆ ಹೋಯಿತು. ಇದಕ್ಕಿಂತ ಸಾಕ್ಷಿ ಬೇಕೇ? ವಾರದೊಳಗೆ ಅವಳ ಕೆಲಸ ಹೋಯಿತು. ಕೈ ಹಾಕಿ ಮಗ್ಗ ಕೆಡಿಸುವವಳು ಅನ್ನುವ ಮಾತು ಶೆಡ್ಡಿನಿಂದ ಶೆಡ್ಡಿಗೆ ಹೋಯಿತು. ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಪೆನ್ನಾಗರಂ ಹತ್ತಿರದ ಹಳ್ಳಿಯಲ್ಲಿ ಅವಳ ತಂಗಿಯ ಮನೆ. ರಾಗಿ, ಕಡಲೆಕಾಯಿ ಬೆಳೆಯುವ, ಆಡು ಸಾಕುವ ಜನ. ಅಲ್ಲಿಗೆ ಹೋಗಲು ತೀರ್ಮಾನಿಸಿದಳು. ಮಗ್ಗವನ್ನು ಬಿಚ್ಚಿ ಒಂದು ಸಣ್ಣ ಲಾರಿಗೆ ಏರಿಸಿದ ಬೆಳಿಗ್ಗೆ ಬೀದಿಯವರೆಲ್ಲ ಕೈಜೋಡಿಸಿದರು. ನಾನೂ. ಮಗ್ಗದ ಮರಗಳಿಗೆ ಹಗ್ಗ ಬಿಗಿದವನು ನಾನೇ. ಚೆನ್ನಾಗಿ ಬಿಗಿದೆ — ತೊಪ್ಪೂರು ಘಾಟಿನ ಏರು ತಿರುವುಗಳಲ್ಲಿ ಒಂದು ಕಡ್ಡಿಯೂ ಜಾರಬಾರದು ಎಂದು ಎರಡೆರಡು ಗಂಟು ಹಾಕಿದೆ. ಬಾಯಿ ಬಿಡಲಿಲ್ಲ. ಲಾರಿ ಹೊರಡುವಾಗ ಚೌಡಕ್ಕ ಹೇಳಿದ್ದು ಒಂದೇ ಮಾತು: "ಚೆನ್ನಾಗಿರಪ್ಪ."

ಆಮೇಲೆ ನಾನು ಚೆನ್ನಾಗಿಯೇ ಇದ್ದೆ. ಅದೇ ನನ್ನ ಅಪರಾಧದ ಎರಡನೆಯ ಭಾಗ. ಅವಳ ಅಂಗೈ ಹೇಳಿದ್ದನ್ನು ನಾನು ಕದ್ದುಕೊಂಡೆ. ಮೋಟಾರಿನ ಬೆನ್ನಿಗಿರುವ ಎನ್‌ಕೋಡರ್ ಸಾಲದು, ಉರುಳೆಗೇ ಇನ್ನೊಂದು ಎನ್‌ಕೋಡರ್ ಬೇಕು — ಮೋಟಾರು ಒಂದು ಹೇಳಿ ಉರುಳೆ ಇನ್ನೊಂದು ಹೇಳಿದರೆ ಮಗ್ಗ ನಿಲ್ಲಬೇಕು. ಹಾಗೆಯೇ ಮಾಡಿದೆ. ಯಂತ್ರ ಹೆಸರು ಮಾಡಿತು. ಈ ಉಪಾಯ ಹೇಗೆ ಹೊಳೆಯಿತು ಎಂದು ಯಾರಾದರೂ ಕೇಳಿದರೆ, ಅನುಭವ, ಅನ್ನುತ್ತಿದ್ದೆ.

ಆರು ವರ್ಷ ಕಳೆಯಿತು. ಕಳೆದ ವರ್ಷ ಮುದಲಾಳಿ ಹೊಸ ಶೆಡ್ಡು ಕಟ್ಟಿ, ಎಂಟು ಮಗ್ಗಗಳಿಗೂ ನನ್ನ ಯಂತ್ರವನ್ನೇ ಹಾಕಿಸಿದರು. ಬೇಸಿಗೆಯಲ್ಲಿ ಅವುಗಳಲ್ಲಿ ಒಂದರಲ್ಲಿ ಪಟ್ಟೆ ಬಂತು.

ಓಡಿಹೋದೆ. ಮುಚ್ಚಳ ಬಿಚ್ಚಿ ಮೊದಲು ಸ್ಕ್ರೂ ನೋಡಿದೆ, ಕಲ್ಲಿನ ಹಾಗಿತ್ತು. ಮೋಟಾರಿನ ಎನ್‌ಕೋಡರ್ ನೋಡಿದೆ, ಉರುಳೆಯದನ್ನು ನೋಡಿದೆ. ಎರಡೂ ಒಂದೇ ಮಾತು ಹೇಳುತ್ತಿದ್ದವು. ತಂತಿ ಬದಲಿಸಿದೆ, ಪೆಟ್ಟಿಗೆಯನ್ನೇ ಬದಲಿಸಿದೆ. ಮೂರು ದಿನ. ಪಟ್ಟೆ ಬರುತ್ತಲೇ ಇತ್ತು.

ಆ ಮಗ್ಗ ನೋಡಿಕೊಳ್ಳುತ್ತಿದ್ದವಳು ಮಲರ್ ಎಂಬ ಹೆಂಗಸು. ಮೂರನೆಯ ದಿನ ಬೆಳಿಗ್ಗೆ ಮುದಲಾಳಿ ಎಲ್ಲರೆದುರು ಅವಳ ಕಡೆ ಕೈ ತೋರಿಸಿ ಹೇಳಿದರು: "ಅನ್ನಿಕ್ಕಿ ಅಂದ ಚೌಡಮ್ಮಾ ಪಣ್ಣ ಮಾದಿರಿಯೇ!" — ಅವತ್ತು ಆ ಚೌಡಮ್ಮ ಮಾಡಿದ ಹಾಗೆಯೇ ಇವಳೂ ಮಾಡುತ್ತಿದ್ದಾಳೆ. ನಾಳೆಯಿಂದ ಬರಬೇಡ ಎಂದೂ ಅವಳಿಗೆ ಹೇಳಿದರು.

ಮಲರ್ ಅಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ತನ್ನ ಡಬ್ಬಿ ಎತ್ತಿಕೊಳ್ಳಲು ಹೋದಳು. ನನ್ನ ಸುಳ್ಳು ಆರು ವರ್ಷದಲ್ಲಿ ಒಂದು ಉದಾಹರಣೆಯಾಗಿ ಬೆಳೆದಿತ್ತು. ಇನ್ನು ಮುಂದೆ ಯಾವ ಯಂತ್ರ ಕೆಟ್ಟರೂ ಒಬ್ಬ ಹೆಂಗಸಿನ ಕೈ ಕಡೆ ಬೆರಳು ತೋರಿಸಲು ಅದು ಸಾಕು...

ನನ್ನ ಬಾಯಿ ಹೇಗೆ ತೆರೆಯಿತೋ ಗೊತ್ತಿಲ್ಲ. ತಮಿಳಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಚೌಡಮ್ಮ ಏನೂ ಮಾಡಿರಲಿಲ್ಲ. ಸ್ಕ್ರೂ ಬಿಗಿ ಮಾಡದೆ ಬಿಟ್ಟವನು ನಾನು. ಊಟದ ಹೊತ್ತಿನಲ್ಲಿ ಕಂಡುಹಿಡಿದೆ. ಕದ್ದು ಬಿಗಿ ಮಾಡಿದೆ. ನೀವು ಕೇಳಿದಾಗ ಗೊತ್ತಿದ್ದೂ ಸುಳ್ಳು ಹೇಳಿದೆ. ಮಲರ್ ಮೇಲೂ ತಪ್ಪಿಲ್ಲ, ಈ ಪಟ್ಟೆಗೆ ಕಾರಣ ಇನ್ನೂ ನನಗೆ ಸಿಕ್ಕಿಲ್ಲ.

ಕೆಲಸದವರು ಓಡುತ್ತಿದ್ದ ಮಗ್ಗಗಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಮುದಲಾಳಿ ಪಕ್ಕದಲ್ಲಿದ್ದ ನೂಲಿನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. "ಆರು ವರುಷಮಾ?" ಅಂದರು. ಆರು ವರ್ಷವೇ? ಎಂಟೂ ಯಂತ್ರ ಬಿಚ್ಚಿಕೊಂಡು ಹೋಗು ಅನ್ನುತ್ತಾರೆ ಎಂದು ನಿಂತಿದ್ದೆ. ಅವರು ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ, "ಪೋಯಿ ಅವಂಗಳ ಕೂಟ್ಟಿಟ್ಟು ವಾ," ಅಂದರು. ಹೋಗಿ ಅವರನ್ನು ಕರೆದುಕೊಂಡು ಬಾ. ಅವಳು ಎನ್ನುತ್ತಿದ್ದವರ ಬಾಯಲ್ಲಿ ಮೊದಲ ಸಲ 'ಅವರು' ಬಂದಿತ್ತು. ಮಲರ್‌ಗೆ ಮಗ್ಗದ ಹತ್ತಿರ ಹೋಗಲು ಸನ್ನೆ ಮಾಡಿದರು.

ಮರುದಿನ ಬೆಳಿಗ್ಗೆ ಪೆನ್ನಾಗರಂ ಬಸ್ಸು ಹಿಡಿದೆ. ಅಲ್ಲಿಂದ ಕೇಳಿಕೊಂಡು ಹಳ್ಳಿಗೆ ನಡೆದೆ. ದನದ ಕೊಟ್ಟಿಗೆಯ ಅರ್ಧವನ್ನು ಗೋಡೆ ಹಾಕಿ ಬೇರೆ ಮಾಡಿ ಚೌಡಕ್ಕ ಮಗ್ಗ ಕೂರಿಸಿದ್ದಳು. ಹತ್ತಿ ಟವೆಲ್ಲು ನೇಯುತ್ತಿದ್ದಳು. ಊರಿನ ಮೂವರು ಹೆಂಗಸರಿಗೆ ನೇಯ್ಗೆ ಕಲಿಸುತ್ತಿದ್ದಳು. ಅವರೂ ಪಕ್ಕದಲ್ಲಿ ನೂಲು ಸುತ್ತುತ್ತಿದ್ದರು. ನನ್ನನ್ನು ನೋಡಿ ಅವಳ ಮುಖ ಅರಳಿತು. ಅದನ್ನು ನಾನು ಸಹಿಸಲಾರದೆ ಹೋದೆ.

"ಲೇ ಲಿಂಗು! ಯಾವಾಗ್ ಬಂದ್ಯೋ? ಕೂತ್ಕೊ, ಕಾಪಿ ಕುಡಿ—"

"ಚೌಡಕ್ಕ, ಅವತ್ತು ಉರುಳೆ ಜಾರ್ತಾ ಇತ್ತು."

ಲಾಳಿ ಹಿಡಿದ ಕೈ ನಿಂತಿತು.

"ಸ್ಕ್ರೂ ಬಿಗಿ ಮಾಡ್ದೆ ಬಿಟ್ಟಿದ್ದೋನು ನಾನು. ಮಧ್ಯಾಹ್ನ ನೋಡ್ದೆ. ನೋಡಿದ್ರೂ ಮುದಲಾಳಿ ಅತ್ರ ಸುಳ್ಳೇಳ್ದೆ."

"ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತೇ?"

"ಅವತ್ತೇ, ಅಕ್ಕ."

ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದೆ. ಹೊಡೆದರೂ ಸರಿ ಅಂದುಕೊಂಡಿದ್ದೆ. ಅವಳು ನನ್ನನ್ನು ನೋಡಲೇ ಇಲ್ಲ. ಲಾಳಿ ಕೆಳಗಿಟ್ಟು, ತನ್ನ ಎಡಗೈಯನ್ನು ಮುಂದೆ ಚಾಚಿ, ಅಂಗೈ ನೋಡಿಕೊಂಡಳು.

"ಆರು ವರ್ಸ ಕಣ್ಲಾ... ಈ ಕೈನ ನಂಬ್ದೆ ಕುಂತಿದ್ದೆ ನಾನು. ಎಲ್ರೂ ಯೋಳ್ತಾವ್ರೆ, ಪೆಟ್ಟಿಗೇನೂ ಯೋಳ್ತಾ ಐತೆ, ನಂಗೇ ವಯಸ್ಸಾಯ್ತು, ಕೈ ಮರ ಆಗೋಯ್ತು ಅಂದ್ಕೊಂಡೆ. ಅವತ್ತಿಂದ ಪಟ್ಟು ಮುಟ್ಟಿಲ್ಲ."

ಪಟ್ಟು ಅಂದರೆ ರೇಷ್ಮೆ. ಅವಳ ಕೆಲಸ ಕಳೆದೆ, ಊರು ಬಿಡಿಸಿದೆ ಎಂದು ಮಾತ್ರ ನಾನು ಅಷ್ಟು ದಿನ ತಿಳಿದಿದ್ದೆ. ಅವಳ ಕೈಯನ್ನೇ ಅವಳಿಂದ ಕಿತ್ತುಕೊಂಡಿದ್ದೆ ಎಂದು — ಅದು ನನಗೆ ಹೊಳೆದೇ ಇರಲಿಲ್ಲ.

ಆಗ ಅವಳು ಎದ್ದು ನಿಂತಳು. ಮಗ್ಗದ ಗುಂಡಿಯಿಂದ ಮೇಲಕ್ಕೆ ಬಂದು, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಹೊಲದಲ್ಲಿದ್ದ ತಂಗಿಗೆ ಕೇಳುವ ಹಾಗೆ ಕೂಗಿದಳು.

"ಏ ಪುಟ್ಟೀ! ಕೇಳಿಸ್ಕೊಂಡ್ಯಾ? ನನ್ ಕೈ ಸರಿಯಾಗೇ ಇತ್ತಂತೆ ಕಣೇ! ನನ್ ಕೈ ಸರಿಯಾಗೇ ಇತ್ತಂತೆ!"

ಆ ಕೂಗಿಗೆ ಆಡುಗಳು ಚದುರಿದವು. ಮೂವರು ಹೆಂಗಸರೂ ಎದ್ದು ಬಂದರು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮತ್ತೆ ಮತ್ತೆ ಅಂಗೈಯನ್ನು ತೊಡೆಗೆ ಬಡಿದುಕೊಳ್ಳುತ್ತಿದ್ದಳು. ಗೆದ್ದವರ ಮುಖ ಹೇಗಿರುತ್ತದೆ ಎಂದು ನಾನು ಅವತ್ತು ನೋಡಿದೆ. ಆಮೇಲೆ ಅವಳು ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ.

"ನನ್ ಮಗ್ಗಕ್ಕೆ ಅಗ್ಗ ಕಟ್ಟಿದ್ಯಲ್ಲೋ. ಆಗ್ಲೂ ಯೋಳ್ಲಿಲ್ಲ ನೀನು."

ನಾನು ತಲೆ ತಗ್ಗಿಸಿದೆ.

ಶೆಡ್ಡಿನ ಪಟ್ಟೆಯ ವಿಷಯ ಹೇಳಿದೆ. ಬರುತ್ತೀಯಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮುದಲಾಳಿ ಕರೆದಿದ್ದಾರೆ ಎಂದಷ್ಟೇ ಹೇಳಿದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ತೊಪ್ಪೂರು ಘಾಟಿನಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳುವಾಗ ಇದ್ದಕ್ಕಿದ್ದ ಹಾಗೆ ಕೇಳಿದಳು: "ಆ ಪೆಟ್ಟಿಗೆ ಏನ್ ಯೋಳ್ತದೆ, ಯಂಗ್ ಯೋಳ್ತದೆ, ಬಿಡ್ಸಿ ಯೋಳು."

ಹೇಳಿದೆ. ಮೋಟಾರಿನ ಬೆನ್ನಿನ ಎನ್‌ಕೋಡರ್, ಉರುಳೆಯ ಎನ್‌ಕೋಡರ್, ಎರಡರ ವರದಿ, ಹೋಲಿಕೆ. ಉರುಳೆಗೆ ಎರಡನೆಯದನ್ನು ಇಟ್ಟದ್ದು ಅವಳ ಮಾತಿನಿಂದ ಅನ್ನುವುದನ್ನೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ಮೋಟ್ರು ತನ್ ಇಸ್ಯ ತಾನ್ ಯೋಳ್ತದೆ. ಉರುಳೆ ತನ್ ಇಸ್ಯ ತಾನ್ ಯೋಳ್ತದೆ. ಬಟ್ಟೆನ ಯಾರ್ಲಾ ಕೇಳ್ತಾರೆ?"

ಮೂರು ದಿನ ಹುಡುಕಿ ಸಿಗದಿದ್ದದ್ದು ಆ ಪ್ರಶ್ನೆಯಲ್ಲಿತ್ತು.

ಶೆಡ್ಡಿಗೆ ತಲುಪಿದಾಗ ಇನ್ನೂ ಬೆಳಕಿತ್ತು. ವಿಷಯ ತಿಳಿದು ನಮ್ಮ ಬೀದಿಯ ಹತ್ತಿಪ್ಪತ್ತು ಜನ ಬಂದು ಬಾಗಿಲಲ್ಲಿ ಸೇರಿದ್ದರು. ಚೌಡಕ್ಕ ಯಾರ ಕಡೆಯೂ ನೋಡದೆ ನೇರ ಆ ಮಗ್ಗದ ಹತ್ತಿರ ಹೋದಳು. ಓಡಿಸು ಎಂದು ಮಲರ್‌ಗೆ ಸನ್ನೆ ಮಾಡಿದಳು. ಬಟ್ಟೆಯ ಕೆಳಗೆ ಎಡಗೈ ಇಟ್ಟು, ಬಲಗೈಯ ಬೆರಳನ್ನು ಉರುಳೆಯ ಅಂಚಿಗೆ ತಾಗಿಸಿ, ಕಣ್ಣು ಮುಚ್ಚಿದಳು. ಆರು ವರ್ಷದಿಂದ ರೇಷ್ಮೆ ಮುಟ್ಟದ ಕೈ. ಅವಳ ಕೈ ಈಗ ಸುಳ್ಳಾದರೆ? ನಾನು ಕೊಟ್ಟ ನಂಬಿಕೆಯನ್ನು ನಾನೇ ಎರಡನೆಯ ಸಲ...

"ಸೀಮೆಸುಣ್ಣ ಕೊಡು," ಅಂದಳು, ಕಣ್ಣು ತೆರೆದು.

ಮಗ್ಗ ನಿಲ್ಲಿಸಿ, ಬಟ್ಟೆಯ ಅಂಚಿನಿಂದ ಉರುಳೆಯ ಅಂಚಿನವರೆಗೆ ಅಡ್ಡಕ್ಕೆ ಒಂದೇ ನೇರ ಗೆರೆ ಎಳೆದಳು. ಮತ್ತೆ ಓಡಿಸಲು ಹೇಳಿದಳು. ಎಲ್ಲರೂ ಬಗ್ಗಿದೆವು. ಸ್ವಲ್ಪ ಹೊತ್ತು ಗೆರೆ ಒಂದಾಗಿಯೇ ಸರಿಯಿತು. ಆಮೇಲೆ ನಮ್ಮ ಕಣ್ಣೆದುರಿಗೇ ಎರಡಾಯಿತು. ಉರುಳೆಯ ಮೇಲಿನ ಗೆರೆ ಮುಂದೆ ಹೋಯಿತು. ಬಟ್ಟೆಯ ಮೇಲಿನದು ಹಿಂದೆ ಉಳಿಯಿತು.

"ಉರುಳೆ ಸರಿಯಾಗಿ ತಿರುಗ್ತಾ ಐತೆ ಮುದಲಾಳಿ. ಬಟ್ಟೆ ಅದರ್ ಮೇಲೆ ಜಾರ್ತಾ ಐತೆ."

ಪೆಟ್ಟಿಗೆಯ ಪರದೆಯ ಮೇಲೆ ಆಗಲೂ ಸೊನ್ನೆ.

ಬಟ್ಟೆ ಜಾರದ ಹಾಗೆ ಹಿಡಿಯಲು ಉರುಳೆಗೆ ಒರಟಾದ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ನಾನು ಅಂಟಿಸಿದ್ದ ಪಟ್ಟಿ ಬೇಸಿಗೆಯ ಸೆಕೆಗೆ ಒಂದು ಕಡೆ ಸಡಿಲಗೊಂಡು ನುಣುಪಾಗಿತ್ತು. ಆ ತಪ್ಪೂ ನನ್ನದೇ. ಈ ಸಲ ಅಲ್ಲಿಯೇ, ಆಗಲೇ ಹೇಳಿದೆ.

ಮೊದಲು ಚಪ್ಪಾಳೆ ತಟ್ಟಿದವಳು ಮಲರ್. ಆಮೇಲೆ ಬಾಗಿಲಲ್ಲಿದ್ದವರು. ಆಮೇಲೆ ಎಂಟು ಮಗ್ಗದವರೂ. ನಮ್ಮ ಬೀದಿಯ ಮುದುಕಿಯೊಬ್ಬಳು ಒಳಗೆ ನುಗ್ಗಿ ಚೌಡಕ್ಕನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಮುದಲಾಳಿ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತರು. "ತಪ್ಪು ಎಂಗ ಮೇಲೆ ದಾನ್ ಅಮ್ಮಾ," ಅಂದರು. ತಪ್ಪು ನಮ್ಮದೇ, ಅಮ್ಮಾ. ಮತ್ತೆ ಕೆಲಸಕ್ಕೆ ಬರಬೇಕೆಂದು ಕೇಳಿಕೊಂಡರು.

ಚೌಡಕ್ಕ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಮಗ್ಗ ನಿಂತ್ಕೊಂಡ್ ನೋಡಕ್ ಬರಲ್ಲ ಮುದಲಾಳಿ. ಊರ್ನಾಗೆ ನನ್ ಮಗ್ಗ ಐತೆ, ಮೂರ್ ಜನ ಕಲೀತಾವ್ರೆ. ಮೆಷಿನ್ ಸರಿಯಾಗೈತಾ ಇಲ್ವಾ ಅಂತ ನೋಡಕ್ಕಾದ್ರೆ ಕೂಗಿ, ಬತ್ತೀನಿ." ನನ್ನ ಕಡೆ ಬೆರಳು ತೋರಿಸಿದಳು. "ಇವನೂ ಇನ್ ಮೇಲೆ ನನ್ ಕೇಳೇ ಮೆಷಿನ್ ಕೊಡ್ಬೇಕು."

ಹಾಗೆಯೇ ಆಯಿತು. ಒರಟು ಪಟ್ಟಿ ಬದಲಿಸಿದ್ದಷ್ಟೇ ಅಲ್ಲ, ಅವಳ ಪ್ರಶ್ನೆಗೆ ಉತ್ತರವಾಗಿ ಮೂರನೆಯ ಎನ್‌ಕೋಡರ್ ಇಟ್ಟೆವು — ಬಟ್ಟೆಯ ಮೇಲೆಯೇ ಹಗುರಾಗಿ ಉರುಳುವ ಒಂದು ಸಣ್ಣ ರಬ್ಬರು ಚಕ್ರ, ಅದರ ಅಚ್ಚಿಗೆ ಎನ್‌ಕೋಡರ್. ಈಗ ಬಟ್ಟೆಯೇ ತಾನೆಷ್ಟು ಮುಂದೆ ಬಂದೆ ಎಂದು ವರದಿ ಮಾಡುತ್ತದೆ. ಚಕ್ರದ ಭಾರ ಎಷ್ಟಿರಬೇಕು, ರೇಷ್ಮೆಗೆ ಗುರುತು ಬೀಳದ ಹಾಗೆ ಎಲ್ಲಿ ಕೂರಬೇಕು ಎಂದು ತೀರ್ಮಾನಿಸಿದವಳು ಅವಳು. ನಾಲ್ಕು ಚಕ್ರಗಳನ್ನು ಬೇಡ ಅಂದಳು, ಐದನೆಯದನ್ನು ಒಪ್ಪಿದಳು. ಆ ಯಂತ್ರದಲ್ಲಿ ಮೊದಲ ರೇಷ್ಮೆ ಹಾಸು ಮೊದಲಿನಿಂದ ಕೊನೆಯವರೆಗೆ ಒಂದು ಪಟ್ಟೆಯಿಲ್ಲದೆ ಮುಗಿದ ದಿನ ಅವಳು ಇಡೀ ಬಟ್ಟೆಯನ್ನು ಬಿಸಿಲಿಗೆ ಹಿಡಿಸಿ, ಮೊಳ ಮೊಳವೂ ನೋಡಿ, ಕೊನೆಯಲ್ಲಿ "ಊಂ" ಅಂದಳು. ಅಷ್ಟಕ್ಕೆ ಶೆಡ್ಡು ಕುಣಿಯಿತು. ಊರಿಗೆ ಹೋಗುವಾಗ ರೇಷ್ಮೆ ನೂಲು ತೆಗೆದುಕೊಂಡು ಹೋದಳು, ತನ್ನ ಮಗ್ಗಕ್ಕೆ.

ಯಂತ್ರದ ಜೊತೆ ಕೊಡುವ ಪುಸ್ತಕದಲ್ಲಿ ಎರಡನೆಯ, ಮೂರನೆಯ ಎನ್‌ಕೋಡರಿನ ಆಲೋಚನೆ ಚೌಡಮ್ಮನವರದು ಎಂದು ಅಚ್ಚು ಹಾಕಿಸಿದ್ದೇನೆ. ಇದು ದೊಡ್ಡತನವಲ್ಲ, ಕದ್ದದ್ದನ್ನು ಹಿಂದಕ್ಕಿಟ್ಟದ್ದು. ಆರು ವರ್ಷವನ್ನು ಹಿಂದಕ್ಕಿಡುವ ದಾರಿ ನನಗೆ ಗೊತ್ತಿಲ್ಲ. ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ. ನಾನು ಕೇಳಿಯೂ ಇಲ್ಲ; ಕೇಳಿದರೆ ಅವಳ ಮೇಲೆ ಇನ್ನೊಂದು ಭಾರ ಹಾಕಿದಂತೆ.

ಈಗ ಯಾವ ಹೊಸ ಶೆಡ್ಡಿಗೆ ಯಂತ್ರ ಕೂರಿಸಿದರೂ ಅವಳು ಬರುತ್ತಾಳೆ. ಮಗ್ಗ ಓಡಿಸುವ ಮೊದಲು ಕೆಲಸದ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಪೆಟ್ಟಿಗೆ ಏನು ಹೇಳಿದರೂ ನಿಮ್ಮ ಕೈಗೆ ಗೊತ್ತಾದದ್ದನ್ನು ಗಟ್ಟಿಯಾಗಿ ಹೇಳಿ ಎಂದು ತನ್ನ ಕತೆ ಹೇಳುತ್ತಾಳೆ. ಮೊದಲ ಸಲ ಧರ್ಮಪುರಿಯ ಒಂದು ಶೆಡ್ಡಿನಲ್ಲಿ ಹಾಗೆ ಹೇಳುವಾಗ ನಾನು ಪೆಟ್ಟಿಗೆಯ ಹಿಂದೆ ಕೂತು ತಂತಿ ಜೋಡಿಸುತ್ತಿದ್ದೆ. ಸುಳ್ಳು ಹೇಳಿದವನ ಹೆಸರನ್ನು ಅವಳು ಹೇಳಲಿಲ್ಲ. ಕತೆ ಮುಗಿದಾಗ ಒಬ್ಬಳು ಕೇಳಿದಳು: "ಯಾರಕ್ಕಾ ಅವ್ನು?"

ಚೌಡಕ್ಕ ಕಾಪಿ ಲೋಟ ಎತ್ತಿಕೊಂಡಳು. ನನ್ನ ಕಡೆ ನೋಡಲಿಲ್ಲ.

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತೆ. "ನಾನೇ," ಅಂದೆ.

ಅಲ್ಲಿಂದೀಚೆಗೆ ಯಾರೂ ಕೇಳುವವರೆಗೆ ಕಾಯುವುದಿಲ್ಲ. ಅವಳು ಕತೆ ಶುರು ಮಾಡುತ್ತಿದ್ದಂತೆಯೇ ಎದ್ದು, ಎಲ್ಲರಿಗೂ ಮುಖ ಕಾಣುವ ಜಾಗಕ್ಕೆ ಬಂದು ನಿಲ್ಲುತ್ತೇನೆ.